ಹೊಂಡ ಎಲ್ಲಿಗೂ ಓಡಿಹೋಗುವುದಿಲ್ಲ

ನಲ್ಲೂರಿನಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಷಣ್ಮುಖಪ್ಪನಿಗೆ ಇದ್ದದ್ದು ಒಂದೇ ಹುಚ್ಚು, ಕಟ್ಟಡದ ಹುಚ್ಚು. ವರ್ಷಕ್ಕೊಮ್ಮೆ ಅಂಗಡಿಗೆ ಬೀಗ ಜಡಿದು, ಹೆಂಡತಿ ಸಿದ್ದಲಿಂಗಮ್ಮನನ್ನು ಹೊರಡಿಸಿಕೊಂಡು ಬಸ್ಸು ಹತ್ತುತ್ತಿದ್ದ. ಮೈಸೂರಿನ ಅರಮನೆ, ಬೀದರಿನ ರಂಗೀನ್ ಮಹಲ್, ಹೈದರಾಬಾದಿನ ಮ್ಯೂಸಿಯಂ. ಮ್ಯೂಸಿಯಮ್ಮಿಗೆ ಹೋದರೂ ಅಲ್ಲಿಟ್ಟ ಕತ್ತಿ, ಕಿರೀಟ ನೋಡುವವನಲ್ಲ ಪುಣ್ಯಾತ್ಮ. ಕತ್ತು ನೋಯುವ ತನಕ ಚಾವಣಿ ನೋಡುವವನು. ಸಿದ್ದಲಿಂಗಮ್ಮನೋ, ಬಾಗಿಲಲ್ಲೇ ಕೂತು ಚಪ್ಪಲಿ, ಬುತ್ತಿಗಂಟು ಕಾಯುವವಳು. "ಒಳಗೆ ಬಾರೇ" ಎಂದರೆ, "ನೀವು ನೋಡಿದ್ರೆ ನಾ ನೋಡ್ದಂಗೇ ಬಿಡ್ರೀ" ಅನ್ನುತ್ತಿದ್ದಳು. ಬರುವಾಗ ಬಸ್ಸಿನಲ್ಲಿ ಅವನು ಒಂದೊಂದು ಕಂಬವನ್ನೂ ಬಣ್ಣಿಸುತ್ತಿದ್ದರೆ ಇವಳು ತೂಕಡಿಸುತ್ತಿದ್ದಳು.

ಅಂಥವನು ಪಕ್ಕದ ಸಂತೇಬೆನ್ನೂರಿನ ಹೊಂಡವನ್ನು ನೋಡಿರಲಿಲ್ಲ ನೋಡಿ! ನೀರಿನ ನಡುವೆ ಮಂಟಪ. ಎಲ್ಲೆಲ್ಲಿಂದಲೋ ಜನ ಹುಡುಕಿಕೊಂಡು ಬರುತ್ತಾರೆ. ಯಾರಾದರೂ ಕೇಳಿದರೆ, "ಅದೆಲ್ಲಿಗೆ ಓಡಿ ಹೋಗ್ತೈತೆ? ದೂರದವು ಮೊದ್ಲು ಮುಗೀಲಿ" ಅನ್ನುತ್ತಿದ್ದ.

ಹೊಂಡ ಇದ್ದಲ್ಲೇ ಇತ್ತು. ಸಕ್ಕರೆ ಕಾಯಿಲೆ ಮಾತ್ರ ಅವನ ಕಣ್ಣಿಗೆ ಇಳಿಯಿತು. ದಾವಣಗೆರೆಯ ಡಾಕ್ಟರು, "ಏನಾದ್ರೂ ನೋಡೋ ಆಸೆ ಇದ್ರೆ ಬೇಗ ನೋಡಿಬಿಡಿ" ಎಂದರು. ಸಿದ್ದಲಿಂಗಮ್ಮ ಹೊಂಡವೊಂದನ್ನಾದರೂ ತೋರಿಸಿಯೇ ತೀರಬೇಕೆಂದು ಹಟ ಹಿಡಿದಳು.

"ಇನ್ನೂ ಮಬ್ಬು ಮಬ್ಬಾಗಿ ಕಾಣ್ತೈತೆ ಕಣೇ, ಯಾಕಿಷ್ಟು ಗಾಬ್ರಿ?" ಎಂದ ಅವನು.

"ಕಾಣ್ತೈತಲ್ಲ, ಅದಕ್ಕೇ ಏಳ್ರೀ ಮೇಲೆ" ಎಂದು ಕೈ ಹಿಡಿದು ಬಸ್ಸು ಹತ್ತಿಸಿದಳು.

ಹೊಂಡದ ಮೇಲಿನ ಮೆಟ್ಟಿಲ ಮೇಲೆ ಅವನನ್ನು ಕೂರಿಸಿದಳು. ಷಣ್ಮುಖಪ್ಪ ಮಂಟಪದ ಕಡೆಗೆ ಮುಖ ಮಾಡಿ ಕತ್ತು ಚಾಚಿದ. ಆಮೇಲೆ, "ಎಂಥ ಕೆಲ್ಸ ಮಾಡ್ಯಾರೆ ನೋಡೇ! ನೀರಿನಾಗೆ ಇಡೀ ಮಂಟಪ ತಲೆಕೆಳಗಾಗಿ ಕಾಣ್ತೈತೆ" ಎಂದ.

ಆ ಬೇಸಿಗೆಯಲ್ಲಿ ಹೊಂಡ ಬತ್ತಿತ್ತು. ತಳದ ಮಣ್ಣು ಬಿರುಕು ಬಿಟ್ಟಿತ್ತು.

ಬೆಳಿಗ್ಗೆ ಅವನು ತಟ್ಟೆಯನ್ನು ತಡಕಾಡಿದ್ದು, ಬಸ್ಸಿನ ಬಾಗಿಲಲ್ಲಿ ಎಡವಿದ್ದು ಎಲ್ಲ ಸಿದ್ದಲಿಂಗಮ್ಮನಿಗೆ ಈಗ ಅರ್ಥವಾಯಿತು. ಹೂಂ ಅಂದುಬಿಡಬಹುದಿತ್ತು. ಆದರೆ ಕಟ್ಟಡದ ವಿಷಯದಲ್ಲಿ ಈ ಮನುಷ್ಯನಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ನೀರಿಲ್ಲ ಕಣ್ರೀ" ಎಂದಳು.

ಅವನ ಮುಖ ಬಾಡಿಹೋಯಿತು. ಅವಳ ಕೈ ಹುಡುಕಿ ಹಿಡಿದುಕೊಂಡ. "ಅಷ್ಟು ಆಸೆಯಿಂದ ಕರ್ಕೊಂಡು ಬಂದಿದ್ದಿ. ಏನೂ ಕಾಣಲ್ಲ ಅಂತ ಹೆಂಗೆ ಹೇಳ್ಲಿ?" ಎಂದ. ಮತ್ತೆ, "ಹೋಗ್ಲಿ ಬಿಡು. ಹೆಂಗೈತೆ, ನೀನೇ ಹೇಳು" ಎಂದ.

ಇಷ್ಟು ವರ್ಷ ಚಪ್ಪಲಿ ಕಾದವಳು ಏನು ಹೇಳಿಯಾಳು? ಕಣ್ಣೊರೆಸಿಕೊಂಡು ಮಂಟಪದತ್ತ ನೋಡಿದಳು.

"ಸುತ್ತಾಲೂ ಕಲ್ಲಿನ ಮೆಟ್ಟಿಲು ಐತ್ರೀ."

"ಹೂಂ."

"ಮಧ್ಯದಾಗೆ ಮಂಟಪ. ಕಮಾನು ಅದಾವೆ. ಮ್ಯಾಲೆ ಏನೋ ಕೆತ್ಯಾರೆ."

"ಏನು ಕೆತ್ಯಾರೆ?"

"ನಂಗೆ ಹೇಳಾಕೆ ಬರಲ್ಲ ಕಣ್ರೀ" ಎಂದು ಅವಳು ಗಳಗಳನೆ ಅತ್ತುಬಿಟ್ಟಳು. "ಎಲ್ಲಿ ಹೋದ್ರೂ ಬಾಗ್ಲಾಗೇ ಕೂತಿದ್ನಲ್ರೀ ನಾನು!"

ಷಣ್ಮುಖಪ್ಪ ಅವಳ ಬೆನ್ನು ಸವರಿದ.

"ಇನ್ನೊಂದ್ಸಲ ನೋಡೇ, ನಿಧಾನಕ್ಕೆ" ಎಂದ. "ಅದೆಲ್ಲಿಗೂ ಓಡಿ ಹೋಗಲ್ಲ."