ಬಾಲ ಭಾರವಾದ ವಿಮಾನ

ರಜಾದಿನ ಬಂತೆಂದರೆ ಆ ಬೀದಿಯ ಜನ ಒಂದು ಕಣ್ಣು ನೆಲದ ಮೇಲೆ, ಒಂದು ಕಣ್ಣು ಆಕಾಶದ ಮೇಲೆ ಇಟ್ಟುಕೊಂಡೇ ನಡೆಯುತ್ತಿದ್ದರು. ಬಡಗಿಯ ವಿಮಾನ ಯಾವಾಗ ಯಾರ ನೆತ್ತಿ ಹುಡುಕಿಕೊಂಡು ಬರುತ್ತದೋ ಹೇಳುವಂತಿರಲಿಲ್ಲ.

ಬಡಗಿಗೆ ಬೀದಿಯವರು ಇಟ್ಟ ಹೆಸರು ಪಾಲಿಶ್ ಮೇಸ್ತ್ರಿ. ಕೈಗೆ ಸಿಕ್ಕ ಮರದ ತುಂಡಿಗೆಲ್ಲ ಹೊಳಪು ಕೊಡದಿದ್ದರೆ ಅವನಿಗೆ ಉಂಡದ್ದು ಅರಗದು. ರಿಮೋಟಿನಿಂದ ಹಾರುವ ಪುಟ್ಟ ವಿಮಾನ ಕಟ್ಟುವುದು ಅವನ ಹುಚ್ಚು. ಹೆಂಡತಿ ದರ್ಜಿ. ಮನೆಯ ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಯಂತ್ರ, ಹಿಂದಿನ ಕೋಣೆಯಲ್ಲಿ ಅವನ ಉಳಿ, ಗರಗಸ.

ಹಿಂದಿನ ಸಲ ಅವನ ವಿಮಾನ ಮೈದಾನದಿಂದ ಮೇಲೇಳುತ್ತಲೇ ಮೂತಿ ಎತ್ತಿ ನಿಂತು, ಪಕ್ಕಕ್ಕೆ ವಾಲಿ, ನೋಡುತ್ತ ನಿಂತಿದ್ದ ಹೆಂಡತಿಯ ಮೇಲೇ ಬಿದ್ದಿತ್ತು. ಮುಖಕ್ಕೆ ಅಡ್ಡ ಹಿಡಿದ ಕೈಯ ಹೆಬ್ಬೆರಳನ್ನು ಮೂತಿಯ ಫ್ಯಾನು ಸೀಳಿತ್ತು. ಗಾಯವೇನೋ ಮಾಗಿತು. ಆದರೆ ಸೂಜಿಗೆ ದಾರ ಪೋಣಿಸುವಾಗ ಆ ಬೆರಳು ಇನ್ನೂ ಹೇಳಿದ ಮಾತು ಕೇಳುತ್ತಿರಲಿಲ್ಲ.

"ಗಾಳಿ ಕೈಕೊಡ್ತು ಕಣೆ," ಎಂದಿದ್ದ ಅವನು. ಅವಳು ನಂಬಿದ್ದಳು.

ಈಗ ಹೊಸ ವಿಮಾನ ಮೇಜಿನ ಮೇಲೆ ಕನ್ನಡಿಯಂತೆ ಹೊಳೆಯುತ್ತಿತ್ತು. ಅದನ್ನು ಕಂಡಾಗಲೆಲ್ಲ ಅವಳ ಹೆಬ್ಬೆರಳು ತಾನಾಗಿ ಮುಷ್ಟಿಯೊಳಗೆ ಸೇರಿಕೊಳ್ಳುತ್ತಿತ್ತು. ಬೇಡ ಎಂದರೆ ಗಂಡ ಕೇಳುವವನಲ್ಲ. ಅವಳು ತಂಗಿಯನ್ನು ಕರೆಸಿದಳು. ತಂಗಿಗೆ ರಕ್ತಪರೀಕ್ಷೆ ಕೇಂದ್ರದಲ್ಲಿ ಕೆಲಸ. ರಜೆಯಲ್ಲಿ ಗೆಳತಿಯರ ಜೊತೆ ಅವಳೂ ಇಂಥದೇ ವಿಮಾನ ಹಾರಿಸುತ್ತಾಳೆ.

"ಭಾವ, ತೂಕ ಸರಿಯಾಗಿದೆಯಾ ಅಂತ ನೋಡಿದ್ರಾ?" ಬಂದವಳೇ ಕೇಳಿದಳು.

"ಹಕ್ಕಿನ ಯಾರಾದ್ರೂ ತೂಗಿ ನೋಡಿ ಹಾರಿಸ್ತಾರೇನಮ್ಮ?"

"ಹಕ್ಕಿ ಹಾರೋದು ಕಲಿತು ಯಾವ ಕಾಲ ಆಯ್ತೋ. ನಿಮ್ಮದು ಮೊನ್ನೆ ಮೊನ್ನೆ ಹುಟ್ಟಿದ್ದು. ಮೊದಲು ಆ ಫ್ಯಾನ್ ಬಿಚ್ಚಿಡಿ. ಆಮೇಲೆ ಮಾತು."

ಅವನು ಗೊಣಗುತ್ತಲೇ ಬಿಚ್ಚಿದ. ತಂಗಿ ಬ್ಯಾಟರಿಯನ್ನು ಹಾರುವಾಗ ಇರಬೇಕಾದ ಜಾಗದಲ್ಲೇ ಕೂರಿಸಿದಳು. ವಿಮಾನದ ನಕ್ಷೆಯಲ್ಲಿ ರೆಕ್ಕೆಯ ಮುಂದಿನ ಅಂಚಿನಿಂದ ಸ್ವಲ್ಪ ಹಿಂದೆ, ತೂಕ ಸಮನಾಗಬೇಕಾದ ಜಾಗದ ಗುರುತು ಇತ್ತು. ಎರಡೂ ರೆಕ್ಕೆಗಳ ಕೆಳಗೆ ಅದೇ ಜಾಗಕ್ಕೆ ಒಂದೊಂದು ಬೆರಳು ಕೊಟ್ಟು ವಿಮಾನವನ್ನು ಎತ್ತಿದಳು.

ಬಾಲ ಧೊಪ್ಪೆಂದು ಕೆಳಗೆ ಬಿತ್ತು.

"ನೋಡಿದ್ರಾ? ಅದು ನೆಟ್ಟಗೆ ನಿಲ್ಲಬೇಕು, ಇಲ್ಲಾ ಮೂತಿ ಒಂಚೂರು ತಗ್ಗಿರಬೇಕು. ಬಾಲ ಭಾರ ಆದರೆ ಮೂತಿ ಎತ್ತಿಕೊಂಡು ಹೋಗುತ್ತೆ, ವೇಗ ಸತ್ತು ಬೀಳುತ್ತೆ. ಬಾಲಕ್ಕೆ ಎಷ್ಟು ಸಲ ಪಾಲಿಶ್ ಹೊಡೆದಿದ್ದೀರಿ?"

ಮೇಸ್ತ್ರಿ ಸೀಲಿಂಗ್ ನೋಡಿದ. "ಲೆಕ್ಕ ಯಾರು ಇಡ್ತಾರೆ?"

ಬಾಗಿಲಲ್ಲಿ ನಿಂತಿದ್ದ ಹೆಂಡತಿಗೆ ನಗು ಬಂತು, ನಗಲಿಲ್ಲ. ಮೂತಿ ಎತ್ತಿ ನಿಂತ ಆ ಹಳೆಯ ವಿಮಾನ ಅವಳ ಕಣ್ಣ ಮುಂದೆ ಬಂದಿತ್ತು.

"ಈಗ ವಿಮಾನದ ಹಿಂದೆ ನಿಂತು ರಿಮೋಟಿನ ಕಡ್ಡಿ ಬಲಕ್ಕೆ ತಳ್ಳಿ," ಎಂದಳು ತಂಗಿ. "ಬಲ ರೆಕ್ಕೆಯ ಹಿಂದಿನ ಅಂಚಲ್ಲಿ ಅಲುಗೋ ಪಟ್ಟಿ ಮೇಲೇಳಬೇಕು."

ಅವನು ತಳ್ಳಿದ. ಬಲಗಡೆಯ ಪಟ್ಟಿ ಕೆಳಗೆ ಬಾಗಿತು. ಮತ್ತೆ ತಳ್ಳಿದ. ಮತ್ತೆ ಕೆಳಗೇ.

"ಉಲ್ಟಾ," ಎಂದಳು ತಂಗಿ. "ಬಲಕ್ಕೆ ತಿರುಗು ಅಂದ್ರೆ ಇದು ಎಡಕ್ಕೆ ಮಗುಚುತ್ತೆ."

ಹೆಂಡತಿ ಒಳಗೆ ಬಂದು ಮೆಲ್ಲಗೆ ಕೇಳಿದಳು, "ರೀ, ಹಿಂದಿನ ವಿಮಾನಕ್ಕೂ ಇದೇ ರಿಮೋಟ್ ಅಲ್ವಾ? ಅದನ್ನೂ ಹೀಗೇ ಜೋಡಿಸಿದ್ರಾ?"

ಮೇಸ್ತ್ರಿ ರಿಮೋಟನ್ನು ಮೇಜಿನ ಮೇಲಿಟ್ಟ.

"ಗಾಳಿದೇನೂ ತಪ್ಪಿಲ್ಲ ಕಣೆ," ಎಂದ. "ನಾನೇ ನೋಡಲಿಲ್ಲ."

ಅವಳು ಒಂದು ಸ್ಟೂಲು ಎಳೆದುಕೊಂಡು ಕೂತಳು. ಅಂದು ಕೆಲಸ ಮುಗಿಯುವವರೆಗೂ ಅಲ್ಲೇ ಕೂತಿದ್ದಳು.

ಅವನು ಉಜ್ಜುಕಾಗದ ಹಿಡಿದು ಬಾಲದ ಪಾಲಿಶ್ ತೆಗೆದ. ಒಂದೊಂದು ಉಜ್ಜಿಗೂ ತನ್ನ ಚರ್ಮವನ್ನೇ ಸುಲಿದವನಂತೆ ಮುಖ ಕಿವುಚಿದ. ಬ್ಯಾಟರಿಯನ್ನು ಮುಂದಕ್ಕೆ ಸರಿಸಿ ಅಲುಗದಂತೆ ಬಿಗಿದ. ಮತ್ತೆ ಬೆರಳ ಮೇಲೆ ಎತ್ತಿದಾಗ ಬಾಲ ಬೀಳಲಿಲ್ಲ. ಮೂತಿ, ಬಾಲಗಳನ್ನು ಹಿಡಿದು ಎತ್ತಿದಾಗ ಎಡ ರೆಕ್ಕೆ ತಗ್ಗಿತು. ಬಲ ರೆಕ್ಕೆಯ ತುದಿಗೆ ಸಣ್ಣ ಮೊಳೆಯೊಂದನ್ನು ಟೇಪಿನಿಂದ ಅಂಟಿಸಿದ. ರಿಮೋಟಿನಲ್ಲಿ ದಿಕ್ಕು ಬದಲಿಸಿ ಪ್ರತಿ ಪಟ್ಟಿಯನ್ನೂ ಮತ್ತೆ ನೋಡಿದ. ಕಡ್ಡಿಯನ್ನು ತನ್ನ ಕಡೆಗೆ ಎಳೆದರೆ ಬಾಲದ ಪಟ್ಟಿ ಮೇಲೆದ್ದಿತು. ಸರಿಯಾಗಿತ್ತು.

ಮುಂದಿನ ರಜೆಯಲ್ಲಿ ಫ್ಯಾನ್ ಮತ್ತೆ ಕೂರಿಸಿಕೊಂಡು ಮೈದಾನಕ್ಕೆ ಮೂವರೂ ಹೋದರು. ಅವನು ಮೊದಲು ರಿಮೋಟ್ ಆನ್ ಮಾಡಿ, ಆಮೇಲೆ ವಿಮಾನದ ಬ್ಯಾಟರಿ ಜೋಡಿಸಿದ. ತಂಗಿ ವಿಮಾನವನ್ನು ಹಿಂದಿನಿಂದ ಭದ್ರವಾಗಿ ಹಿಡಿದಳು. ಅವನು ರಿಮೋಟ್ ಹಿಡಿದು ಮೈದಾನದ ಆ ತುದಿಗೆ ನಡೆದ. ಅಷ್ಟು ದೂರದಿಂದಲೂ ಪಟ್ಟಿಗಳು ಅವನ ಮಾತು ಕೇಳಿದವು. ಅವನು ಮರಳಿ ಬಂದ.

"ಏನು ಮೇಸ್ತ್ರಿ, ವಿಮಾನ ಹಾರಿಸ್ತೀರೋ, ಮೆರವಣಿಗೆ ಮಾಡ್ತೀರೋ?" ಎಂದ ಯಾರೋ.

"ತಾಳಪ್ಪ," ಎಂದನಷ್ಟೇ. ಅಡ್ಡ ಬಂದ ಅಜ್ಜನೊಬ್ಬ ಮೈದಾನ ದಾಟುವವರೆಗೂ ಕಾದ. ನೋಡುವವರನ್ನೆಲ್ಲ ತನ್ನ ಬೆನ್ನ ಹಿಂದೆ ನಿಲ್ಲಿಸಿದ.

ತಂಗಿ ಕೈಬಿಟ್ಟಳು, ವಿಮಾನ ಎದ್ದಿತು. ಮೂತಿ ಎತ್ತಲಿಲ್ಲ, ವಾಲಲಿಲ್ಲ. ಮೈದಾನದ ಮೇಲೆ ದೊಡ್ಡ ಸುತ್ತು ಹಾಕಿ, ಹುಲ್ಲು ಸವರುತ್ತ ಇಳಿದು ನಿಂತಿತು. ಹೆಂಡತಿ ಅವನ ಹಿಂದಿನಿಂದ ಹೇಳಿದಳು, "ಇನ್ನೊಂದು ಸುತ್ತು ಹಾಕಿಸಿ, ನೋಡೋಣ."

ಓದುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಇಂಥ ಪುಟ್ಟ ವಿಮಾನ ಇರಬಹುದು. ಹಾರಿಸುವ ಆತುರ ಎಲ್ಲರಿಗೂ ಇದ್ದದ್ದೇ. ಫ್ಯಾನ್ ಬಿಚ್ಚಿ, ತೂಕ ನೋಡಿ, ಪಟ್ಟಿಗಳ ದಿಕ್ಕು ನೋಡಿ. ಮೈದಾನದಲ್ಲಿ ದೂರದಿಂದ ರಿಮೋಟ್ ಪರೀಕ್ಷಿಸಿ. ಒಂದು ಸರಿಯಿಲ್ಲದಿದ್ದರೂ ಅಂದು ಹಾರಿಸಬೇಡಿ. ಬಿದ್ದ ವಿಮಾನವನ್ನು ಮತ್ತೆ ಕಟ್ಟಬಹುದು. ಅದರ ಕೆಳಗೆ ನಿಂತವರು ನಿಮ್ಮವರೇ ಆಗಿರುತ್ತಾರೆ.