ನಾಲ್ಕನೇ ಜ್ವರ ಎದ್ದ ಮೇಲೆ

ದೊಡ್ಡಲಕ್ಷ್ಮಮ್ಮನ ರೇಷ್ಮೆ ಹುಳದ ಮನೆಗೆ ಕಂಡಕಂಡವರೆಲ್ಲ ಕಾಲಿಡುವಂತಿರಲಿಲ್ಲ. ಬೀಡಿ ಸೇದಿದವರು, ತಲೆಗೆ ಘಮ್ಮೆನ್ನುವ ಎಣ್ಣೆ ಹಚ್ಚಿದವರು, ಮುಖಕ್ಕೆ ಪೌಡರ್ ಬಳಿದವರು ಎಲ್ಲರೂ ಅಂಗಳದಲ್ಲೇ ನಿಂತು ಮಾತಾಡಿ ಹೋಗಬೇಕು. ಒಮ್ಮೆ ರೇಷ್ಮೆ ಇಲಾಖೆಯ ಸಾಹೇಬರೇ ಬಂದರು. ಮುದುಕಿ ಬಾಗಿಲಿಗೆ ಅಡ್ಡ ನಿಂತು, "ಬೆಳಿಗ್ಗೆಯಿಂದ ಎಷ್ಟ್ ಮನೆ ಹುಳ ನೋಡ್ಕಂಡ್ ಬಂದ್ರಿ ಸ್ವಾಮಿ?" ಎಂದು ಕೇಳಿದಳು. ಅವರು ಆರು ಎಂದರು. "ಹಂಗಾರೆ ಆ ಆರು ಮನೆ ಕಾಯಿಲೆ ಏಳನೇದಕ್ಕೆ ಬ್ಯಾಡ. ಕಾಫಿ ಕುಡೀರಿ," ಎಂದು ಜಗಲಿ ತೋರಿಸಿದಳು. ಪಾಪ, ಅವರು ಕಾಫಿ ಕುಡಿದು ಎದ್ದು ಹೋದರು.

ಮನೆಯವರಿಗೂ ರಿಯಾಯಿತಿ ಇರಲಿಲ್ಲ. ಮಗ ನಟರಾಜು ಬಿಡದಿಯ ಕಾರು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ. ಮೈಯೆಲ್ಲ ಪೇಂಟಿನ ವಾಸನೆ ಎಂದು ಅವನನ್ನು ಹತ್ತಿರಕ್ಕೇ ಸೇರಿಸುತ್ತಿರಲಿಲ್ಲ. ಸೊಸೆ ಸರಸಮ್ಮ ಸೊಪ್ಪು ಹಾಕಬಹುದು, ಕಸ ತೆಗೆಯಬಹುದು, ಅಷ್ಟೇ. ಕಾಯಿಲೆ ಬಿದ್ದ ಹುಳವನ್ನು ಗುರುತಿಸಿ ಹೆಕ್ಕಿ ತೆಗೆಯುವ ಕೆಲಸವನ್ನು ಮುದುಕಿ ತಾನೇ ಮಾಡುತ್ತಿದ್ದಳು. ಅದಕ್ಕೆ ಜೊತೆಗೆ ಬಿಟ್ಟುಕೊಂಡದ್ದು ಒಬ್ಬಳನ್ನೇ, ಎಂಟನೇ ಕ್ಲಾಸಿನಿಂದ ಮೊಮ್ಮಗಳು ಸುಮನಾಳನ್ನು. ಚನ್ನಪಟ್ಟಣದಿಂದ ಒಂಬತ್ತು ಕಿಲೋಮೀಟರ್ ದೂರದ ಅವರ ಊರು ಮಾರೇದೊಡ್ಡಿಯಲ್ಲಿ ಸುಮನಾಳಿಗೆ ಇದ್ದ ದೊಡ್ಡಸ್ತಿಕೆ ಎಂದರೆ ಅದೊಂದೇ. ಅದರ ಮೇಲೆ ಅವಳಿಗೆ ಬಹಳ ಅಭಿಮಾನ.

ಪಿಯುಸಿ ಮುಗಿಸಿ ಸಿಇಟಿ ಬರೆದಾಗ ಅಪ್ಪ ನರ್ಸಿಂಗ್ ಓದು ಎಂದ. ಸುಮನಾ ಹೂಂ ಎಂದು ತಲೆಯಾಡಿಸಿ, ಚನ್ನಪಟ್ಟಣದ ಸೈಬರ್ ಸೆಂಟರಿನಲ್ಲಿ ಕೂತು ಮೊದಲನೇ ಆಯ್ಕೆಯಾಗಿ ಬಿಎಸ್‌ಸಿ ರೇಷ್ಮೆ ಕೃಷಿ ಹಾಕಿ ಬಂದಳು. ಕೃಷಿಕರ ಕೋಟಾ ಸಿಗಬೇಕೆಂದರೆ ಪ್ರಮಾಣಪತ್ರ ಬೇಕು. ಅದಕ್ಕಾಗಿ ಅಪ್ಪ ಮಗಳು ನಾಡಕಚೇರಿಗೆ ಮೂರು ಸಲ ಅಲೆದರು. ಆಮೇಲೆ ಬೆಂಗಳೂರಿನಲ್ಲಿ ಪ್ರಾಯೋಗಿಕ ಪರೀಕ್ಷೆ. ಉದ್ದದ ಮೇಜುಗಳ ಮೇಲೆ ಬೀಜ, ಗೊಬ್ಬರ, ಎಲೆ, ಸಲಕರಣೆ ಎಲ್ಲ ಇಟ್ಟು ನಂಬರ್ ಹಾಕಿದ್ದರು. ನೋಡಿ ಹೆಸರು ಬರೆಯಬೇಕು. ಇಪ್ಪತ್ತೆರಡನೇ ನಂಬರಿಗೆ ಹುಳ ಗೂಡು ಕಟ್ಟುವ ಚಂದ್ರಿಕೆ ಇತ್ತು. ಸುಮನಾ ಹೆಸರು ಬರೆದು ಸುಮ್ಮನಾಗಲಿಲ್ಲ. 'ಹೆಣಿಗೆ ಸಡಿಲ ಆಗಿದೆ, ಹುಳ ಉದುರುತ್ತೆ' ಎಂದೂ ಸೇರಿಸಿದಳು. ಅದಕ್ಕೆ ಯಾರೂ ಮಾರ್ಕ್ಸ್ ಕೊಡಲಿಲ್ಲ. ಆದರೆ ಸೀಟು ಸಿಕ್ಕಿತು.

ಸುದ್ದಿ ಕೇಳಿ ಅಜ್ಜಿ ಮೂತಿ ತಿರುಗಿಸಿದಳು. "ಹುಳ ಸಾಕಾದ್ನ ಕಲಿಯಾಕೆ ನಾಕ್ ವರ್ಸವಾ? ನನ್ನ ಕೇಳಿದ್ರೆ ಒಂದ್ ಬೆಳೆನಾಗೇ ಕಲಿಸ್ಬುಡ್ತಿದ್ನಲ್ಲ!"

"ನೀನು ಸರ್ಟಿಫಿಕೇಟ್ ಕೊಡ್ತೀಯಾ ಅಜ್ಜಿ?"

"ಕೊಡ್ತೀನಿ ಬಾ, ಬೆನ್ನಿಗೆ."

ನಗಾಡಿದರೂ ಮುದುಕಿಗೆ ಮನಸ್ಸಿನಲ್ಲಿ ನೋವಾಗಿತ್ತು. ಅದು ಸುಮನಾಳಿಗೆ ತಿಳಿಯದೇ ಇರಲಿಲ್ಲ. ಒಂದಲ್ಲ ಒಂದು ದಿನ ಅಜ್ಜಿಯೇ ಬಾಯಿಬಿಟ್ಟು 'ನಿನ್ನ ಓದು ಬೇಕಾಯ್ತು ಬಾ' ಎನ್ನಬೇಕು ಎಂದು ಬಸ್ಸು ಹತ್ತುವಾಗಲೇ ಅಂದುಕೊಂಡಳು.

ಕಾಲೇಜು ಬೆಂಗಳೂರಿನ ಆಚೆ, ಊರಿಂದ ಐದಾರು ಗಂಟೆಯ ದಾರಿ. ಮೊದಲ ತಿಂಗಳು ಪಾಠ ಒಂದೂ ತಲೆಗೆ ಹತ್ತಲಿಲ್ಲ. ಹುಟ್ಟಿದಾಗಿನಿಂದ ನೋಡಿದ ಹುಳವೇ, ಆದರೆ ಇಲ್ಲಿ ಅದರ ಹಲ್ಲಿಗೂ ಕಾಲಿಗೂ ಇಂಗ್ಲಿಷ್ ಹೆಸರು. ಹುಳ ಸೊಪ್ಪು ಬಿಟ್ಟು, ತಲೆಯೆತ್ತಿ ಅಲ್ಲಾಡದೆ ಕೂತು ಪೊರೆ ಬಿಡುವುದಕ್ಕೆ ಊರಲ್ಲಿ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದರೆ ಗೂಡು ಕಟ್ಟಲು ಇನ್ನು ಒಂದು ವಾರ. ಅಷ್ಟನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದ ಹುಡುಗಿ ಮೊದಲ ಟೆಸ್ಟಿನಲ್ಲಿ ಇಪ್ಪತ್ತಕ್ಕೆ ಏಳು ತೆಗೆದು ಹಾಸ್ಟೆಲಿನ ಬಾತ್‌ರೂಮಿನಲ್ಲಿ ಅತ್ತಳು. ಪಾಠ ಮಾಡುವ ಫಿರೋಜಾ ಮೇಡಂ ಕರೆದು, "ಮೊದಲು ನಿನಗೆ ಗೊತ್ತಿರೋದನ್ನ ಕನ್ನಡದಲ್ಲಿ ಬರ್ಕೋ. ಇಂಗ್ಲಿಷ್ ಹೆಸರು ಆಮೇಲೆ ಪಕ್ಕದಲ್ಲಿ ಬರಿ," ಎಂದರು. ಎರಡನೇ ಟೆಸ್ಟಿಗೆ ಹದಿನಾರು ಬಂತು.

ಪ್ರತಿ ಭಾನುವಾರ ಅಜ್ಜಿಯ ಫೋನು. "ಈ ವಾರ ಏನ್ ಕಲಿಸಿದ್ರು?" ಸುಮನಾ ಹೇಳುವಳು. "ಅಯ್ಯೋ ಅದಾ, ಗೊತ್ತು ಬುಡು," ಎಂದು ಮುದುಕಿ ಫೋನಿಡುವಳು. ವರ್ಷವಿಡೀ ಇದೇ ಕಥೆ.

ಎರಡನೇ ಸೆಮಿಸ್ಟರಿನ ಒಂದು ಶುಕ್ರವಾರ ಬೆಳಿಗ್ಗೆ ಲ್ಯಾಬಿನಲ್ಲಿ ಗಂಟು ರೋಗದ ಹುಳಗಳನ್ನು ಕೊಯ್ದು ನೋಡಿದರು. ರೇಷ್ಮೆಯವರು ಹೆಸರೆತ್ತಲೂ ಹೆದರುವ ರೋಗ ಅದು. ತಾಯಿ ಚಿಟ್ಟೆಯಿಂದ ಮೊಟ್ಟೆಗೂ ಅಂಟುತ್ತದೆ. ಸಾಕಣೆ ಮನೆಗೆ ಹೊಕ್ಕರೆ ಬೆಳೆಬೆಳೆಯನ್ನೇ ತಿಂದುಹಾಕುತ್ತದೆ. ಕೊನೆಗೆ ಫಿರೋಜಾ ಮೇಡಂ ಎಲ್ಲರ ಕೈಗೂ ಔಷಧಿ ನೀರು ಹಾಕಿಸಿ, "ಇವತ್ತು ಇದನ್ನ ಮುಟ್ಟಿದವರು ಯಾರೂ ಹುಳದ ಮನೆ ಕಡೆ ಸುಳೀಬಾರದು," ಎಂದರು. ಸುಮನಾಳಿಗೆ ಅಜ್ಜಿಯೇ ಕೋಟು ಹಾಕಿಕೊಂಡು ನಿಂತಂತೆ ಕಂಡು ನಗು ಬಂತು.

ಹೊರಗೆ ಬಂದರೆ ಫೋನು. ಶುಕ್ರವಾರ ಅಜ್ಜಿ ಫೋನು ಮಾಡಿದವಳೇ ಅಲ್ಲ.

"ನಾಕನೇ ಜ್ವರ ಎದ್ದವೆ ಕೂಸೆ. ಹಾಲುತೊಂಡೆ ಬಿದ್ದೈತೆ. ನೀನ್ ಬಂದ್ಬುಡು."

ಹಾಲುತೊಂಡೆ ಎಂದರೆ ಹುಳ ಊದಿಕೊಂಡು, ಮುಟ್ಟಿದರೆ ಹಾಲಿನಂಥ ನೀರು ಒಸರುವ ರೋಗ. ಅಂಥವನ್ನು ತಕ್ಷಣ ಹೆಕ್ಕಿದರೆ ಅರ್ಧಕ್ಕಿಂತ ಹೆಚ್ಚು ಬೆಳೆ ಉಳಿಯುತ್ತದೆ. ಸುಮನಾ ಬ್ಯಾಗು ಹೆಗಲಿಗೇರಿಸಿ, ಊಟವನ್ನೂ ಮಾಡದೆ ಬಸ್ಸು ಹತ್ತಿದಳು. ಬೆಂಗಳೂರಿನಲ್ಲಿ ಇಳಿದು ರೈಲು ಹಿಡಿದಳು. ಸುಣ್ಣ ಎಷ್ಟು, ಬ್ಲೀಚಿಂಗ್ ಪೌಡರ್ ಎಷ್ಟು ಎಂದು ರಾಮನಗರ ದಾಟುವವರೆಗೂ ನೋಟ್ಸ್ ತಿರುವಿ ಹಾಕಿದಳು. ಅಜ್ಜಿ ಕರೆದಿದ್ದಳು, ತಾನಾಗಿಯೇ ಕರೆದಿದ್ದಳು! ಆ ಖುಷಿಯಲ್ಲಿ ಬೆಳಿಗ್ಗೆ ಏನು ಮುಟ್ಟಿದ್ದೆ ಎಂಬುದೇ ಅವಳಿಗೆ ಮರೆತುಹೋಗಿತ್ತು.

ಸಂಜೆ ಐದೂವರೆಗೆ ಮನೆ ತಲುಪಿ, ಕೈಕಾಲು ಮುಖ ತೊಳೆದು ಹುಳದ ಮನೆಯ ಬಾಗಿಲಿಗೆ ಬಂದಳು. ಒಳಗಿಂದ ಹುಳ ಸೊಪ್ಪು ಮೇಯುವ ಸದ್ದು ಕೇಳುತ್ತಿತ್ತು. ಅಜ್ಜಿ ಸೊಳ್ಳೆ ಪರದೆಯ ಬಾಗಿಲು ತೆರೆದು ಪಕ್ಕಕ್ಕೆ ಸರಿದಳು. "ಬಾ, ಬಾ," ಎಂದಳು. ಯಾರ ಹುಳ ನೋಡ್ಕಂಡ್ ಬಂದೆ ಎಂದು ಕೇಳಲಿಲ್ಲ. ಮೊಮ್ಮಗಳನ್ನು ಅದನ್ನೆಲ್ಲ ಕೇಳುವ ಅಗತ್ಯವೇ ಅವಳಿಗೆ ಕಂಡಿರಲಿಲ್ಲ.

ಎತ್ತಿದ ಕಾಲನ್ನು ಸುಮನಾ ಹೊಸಿಲ ಮೇಲೆಯೇ ನಿಲ್ಲಿಸಿದಳು. ಮೇಡಂ ಹೇಳಿದ ಮಾತು ಆಗ ನೆನಪಾಯಿತು. ಲ್ಯಾಬಿಗೆ ಹಾಕಿದ್ದ ಬಟ್ಟೆ ಇನ್ನೂ ಮೈಮೇಲೇ ಇತ್ತು. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಹೇಳಿದರೆ ಈ ಬಾಗಿಲು ಮುಚ್ಚುತ್ತದೆ, ಬಹುಶಃ ಓದು ಮುಗಿಯುವವರೆಗೂ ಮುಚ್ಚಿಯೇ ಇರುತ್ತದೆ. ಒಂದು ವರ್ಷ ಕಾದು ಬಂದ ಕರೆ ಇದು.

"ಅಜ್ಜಿ, ಬೆಳಿಗ್ಗೆ ಲ್ಯಾಬ್‌ನಾಗೆ ಕಾಯಿಲೆ ಹುಳ ಮುಟ್ಟಿವ್ನಿ."

"ಯಾವ್ ಕಾಯಿಲೆ?"

"ಗಂಟು ರೋಗ."

ಮುದುಕಿ ಬೆಂಕಿ ತಾಕಿದವಳ ಹಾಗೆ ಹಿಂದಕ್ಕೆ ಸರಿದು ಬಾಗಿಲು ಎಳೆದುಕೊಂಡಳು. ಸುಮನಾ ಅಂಗಳಕ್ಕೆ ಇಳಿದು ನಿಂತಳು. ಪರದೆಯ ಆಚೆ ಅಜ್ಜಿ, ಈಚೆ ಅವಳು.

"ಔಷಧಿ ಏನೇನು ಹಾಕ್ಬೇಕು ಇಲ್ಲಿಂದ್ಲೇ ಹೇಳ್ತೀನಿ ಅಜ್ಜಿ, ಬರ್ಕೊಂಡ್ ಬಂದಿವ್ನಿ..."

"ಔಷಧಿ ನಂಗೊತ್ತಿಲ್ವಾ? ಮಧ್ಯಾಹ್ನವೇ ಸುಣ್ಣ ಹೊಡೆದಾಯ್ತು." ಅಜ್ಜಿ ಒಮ್ಮೆ ಹಿಂದೆ ನೋಡಿ ದನಿ ತಗ್ಗಿಸಿದಳು. "ನಂಗೆ ಕಣ್ಣು ಕಾಣ್ತಿಲ್ಲ ಕಣೆ ಕೂಸೆ. ಹೋದ ಬೆಳೆಯಿಂದ್ಲೂ ಹಿಂಗೇ. ಯಾವ್ದು ಕಾಯಿಲೇದು, ಯಾವ್ದು ಚೆನ್ನಾಗಿರಾದು, ಎಲ್ಲಾ ಮಂಜುಮಂಜು. ಹೆಕ್ಕಾಕೆ ನಿನ್ನ ಕಣ್ಣು ಬೇಕಿತ್ತು, ಅದ್ಕೆ ಕರೆದೆ."

ಸುಮನಾಳ ಕೈಯಲ್ಲಿದ್ದ ನೋಟ್ಸ್ ಪುಸ್ತಕ ಭಾರವಾಯಿತು. ಬೇಕಾಗಿದ್ದದ್ದು ಓದಲ್ಲ ಎಂದು ಬೇಜಾರಾಗಲಿಲ್ಲ, ಅಜ್ಜಿಯ ಕಣ್ಣಿನದೇ ಚಿಂತೆಯಾಯಿತು.

"ಅಮ್ಮನ್ ಕೈಲಿ ಹೆಕ್ಸು ಅಜ್ಜಿ."

"ಅವಳಿಗ್ ಗೊತ್ತಾದ್ರೆ ನಾನು ಜಗಲಿ ಮ್ಯಾಲೆ ಕೂರಬೇಕಾಯ್ತದೆ."

"ಹುಳ ಉಳೀಬೇಕಲ್ಲ."

ಮುದುಕಿ ಮೇಯುತ್ತಿದ್ದ ಹುಳಗಳ ಕಡೆ ಒಮ್ಮೆ ತಿರುಗಿದಳು. ಆಮೇಲೆ, "ಸರಸಾ," ಎಂದು ಕೂಗಿದಳು. ಒಳಗೆ ಸೊಪ್ಪು ಹರಡುತ್ತಿದ್ದ ಸೊಸೆ ಬಂದಳು. "ನಂಗೆ ಕಣ್ಣು ಮಂಜಾಗದೆ. ಹೆಕ್ಕಾದು ಇವತ್ತಿಂದ ನಿಂದು," ಎಂದವಳೇ ಕೈ ತೊಳೆದು ಹೊರಗೆ ಬಂದು ಜಗಲಿ ಮೇಲೆ ಕೂತಳು. ಸರಸಮ್ಮ ಸೆರಗು ಸಿಕ್ಕಿಸಿಕೊಂಡು ಹುಳದ ತಟ್ಟೆಯ ಕಡೆ ನಡೆದಳು.

ಸುಮನಾ ಅದೇ ಜಗಲಿಯಲ್ಲಿ ಒಂದು ಮಾರು ದೂರ ಕೂತು ಕಣ್ಣೊರೆಸಿಕೊಂಡಳು. "ಸೋಮವಾರ ಕಣ್ಣಾಸ್ಪತ್ರೆಗೆ ಹೋಗಾಣ ಅಜ್ಜಿ."

"ಗೂಡು ಕಟ್ಲಿ, ಆಮ್ಯಾಕೆ."

ಸ್ವಲ್ಪ ಹೊತ್ತಿಗೆ ಸರಸಮ್ಮ ಪರದೆಯ ಹತ್ತಿರ ಬಂದು ಸೊಪ್ಪಿನ ಮೇಲಿದ್ದ ಹುಳವೊಂದನ್ನು ಬೆಳಕಿಗೆ ಹಿಡಿದಳು. ಹಳೇ ಅಭ್ಯಾಸದಲ್ಲಿ ಅತ್ತೆಯನ್ನೇ ಕೇಳಿದಳು. "ಅತ್ತೆಮ್ಮಾ, ಇದೂ ತೆಗೆಯಾದಾ? ಒಸಿ ನೋಡಿ."

ಮುದುಕಿ ಕತ್ತೆತ್ತಿ ಆ ಕಡೆ ನೋಡಿದಳು. ಅವಳಿಗೆ ಏನೂ ಕಾಣಲಿಲ್ಲ. ಅವಳ ಕೈ ಮೆಲ್ಲಗೆ ಸುಮನಾಳ ಕಡೆ ಸರಿದು, ಮುಟ್ಟದೆ, ಜಗಲಿಯನ್ನು ಎರಡು ಸಲ ತಟ್ಟಿತು.

ಸುಮನಾ ಕಣ್ಣು ಕಿರಿದು ಮಾಡಿ ನೋಡಿದಳು. ಹುಳದ ಗಿಣ್ಣುಗಳು ಊದಿಕೊಂಡಿದ್ದವು. "ಹೂಂ, ಗಿಣ್ಣು ಊದವೆ, ತೆಗೀಬೇಕು," ಎಂದು ಅಜ್ಜಿಗಷ್ಟೇ ಕೇಳುವಂತೆ ಹೇಳಿದಳು.

"ಗಿಣ್ಣು ಊದೈತೆ, ಕಾಣಾಕಿಲ್ವಾ? ತೆಗಿ ಅದನ್ನ!" ಎಂದು ದೊಡ್ಡಲಕ್ಷ್ಮಮ್ಮ ಜೋರಾಗಿ ಸೊಸೆಯನ್ನು ಗದರಿದಳು.