ಫೊರಿವಾ ಹೊಗಳಿದರೆ

ಫೊರಿವಾ ಬರುವುದಕ್ಕೆ ಮೊದಲು ಅವಳ ಗದ್ದ ಬರುತ್ತಿತ್ತು. ಗದ್ದವನ್ನು ಮುಂದಕ್ಕೆ ಚಾಚಿ, ಬಲಗಾಲನ್ನು ತುಸು ಹೊರಕ್ಕೆ ಎಸೆಯುತ್ತ, ತಲೆಯ ಮೇಲೆ ಹೆಗ್ಗೆಣಸಿನ ಬುಟ್ಟಿ ಹೊತ್ತು, ಎರಡೂ ಕೈ ಬೀಸಿಕೊಂಡು ಅವಳು ತೆಚಿಮಾನಿನ ಸಂತೆಗೆ ಹೊರಟಳೆಂದರೆ ಎದುರಿನಿಂದ ಬರುವ ಟ್ಯಾಕ್ಸಿಯವರು ತಾವಾಗಿಯೇ ರಸ್ತೆಯ ಅಂಚಿಗೆ ಸರಿಯುತ್ತಿದ್ದರು. ಈ ಗತ್ತನ್ನು ಕಂಡು ಅವಳನ್ನು ಬಾಯಿಬಡುಕಿ ಎಂದುಕೊಂಡವರು ಹೊರಗಿನವರು ಮಾತ್ರ. ವರ್ಷವಿಡೀ ಅವಳ ಬಾಯಿಂದ ಒಂದು ಬಿರುನುಡಿ ಹೊರಟದ್ದನ್ನು ನಮ್ಮೂರಿನವರು ಯಾರೂ ಕೇಳಿರಲಿಲ್ಲ. ಗಿರಾಕಿ ಗೆಣಸನ್ನೆಲ್ಲ ಉಗುರಿನಿಂದ ಗೀರಿ ನೋಡಿ ಕೊಳ್ಳದೆ ಹೋಗಲಿ, ನೆರೆಯವಳ ಮೇಕೆ ಹಿತ್ತಿಲ ಸೊಪ್ಪನ್ನು ಬೋಳಿಸಲಿ, ಅವಳು ಹಲ್ಲಿನ ಸಂದಿಯಿಂದ ಒಮ್ಮೆ 'ಚ್' ಎಂದು ಗಾಳಿಯೆಳೆದುಕೊಂಡು, "ಇರ್ಲಿ ಬಿಡಿ, ಆಪೊ ಬರುತ್ತಲ್ಲ" ಎನ್ನುತ್ತಿದ್ದಳು. ಅಷ್ಟಕ್ಕೇ ಮೇಕೆಯ ಒಡತಿಗೆ ಊಟ ಸೇರುತ್ತಿರಲಿಲ್ಲ.

ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಹೊರಗೆ ಹಾಕದೆ ಹೊಸ ವರ್ಷಕ್ಕೆ ಕಾಲಿಡಬಾರದು ಎಂಬುದು ನಮ್ಮ ಬೊನೊ ಜನಾಂಗದ ಹಿರಿಯರ ಕಟ್ಟಳೆ. ಆಪೊ ಹಬ್ಬ ಇರುವುದೇ ಅದಕ್ಕೆ. ಆ ದಿನಗಳಲ್ಲಿ ಯಾರು ಯಾರನ್ನು ಬೇಕಾದರೂ ಹಾಡು ಕಟ್ಟಿ ಬೈಯಬಹುದು, ಅರಸನನ್ನೂ ಬಿಡಬೇಕಾಗಿಲ್ಲ. ಬೈಸಿಕೊಂಡವನು ಮುಖ ಗಂಟಿಕ್ಕಿದರೆ ಒಂದು ಕುರಿ ದಂಡ. ಬೈದವನ ಎದೆ ತಣ್ಣಗಾಗುತ್ತದೆ, ಬೈಸಿಕೊಂಡವನ ಕೊಳೆ ಕಳೆಯುತ್ತದೆ, ಮರುದಿನ ಬಿಳಿ ಬಟ್ಟೆಯುಟ್ಟು ಇಬ್ಬರೂ ತಾನೊ ಹೊಳೆಯ ನೀರನ್ನು ತಲೆಗೆ ಚಿಮುಕಿಸಿಕೊಂಡರೆ ಆ ಮಾತು ಅಲ್ಲಿಗೆ ಮುಗಿಯಿತು.

ಹಬ್ಬ ಬಂತೆಂದರೆ ಫೊರಿವಾ ತೀರಿಹೋದ ಗಂಡನ ಖಾಕಿ ಕೋಟನ್ನು ಪೆಟ್ಟಿಗೆಯಿಂದ ತೆಗೆಯುತ್ತಿದ್ದಳು. ಆತ ಅರಣ್ಯದ ಕಾವಲುಗಾರನಾಗಿದ್ದ. ಆನೆಗೂ ಸಡಿಲವಾಗಬಹುದಾದ ಆ ಕೋಟನ್ನು ಕಡುಬೇಸಿಗೆಯ ಬಿಸಿಲಿನಲ್ಲಿ ಕುತ್ತಿಗೆಯವರೆಗೆ ಗುಂಡಿ ಹಾಕಿಕೊಂಡು ತೊಟ್ಟು, ಸೋರೆಬುರುಡೆಯ ಗಿಲಕಿ ಹಿಡಿದು, ಕೇರಿಯ ಹೆಂಗಸರ ಮುಂದೆ ನಿಂತಳೆಂದರೆ ಡೋಲಿನವನು ಅವಳ ಹುಬ್ಬನ್ನೇ ನೋಡುತ್ತ ಕಾಯುತ್ತಿದ್ದ. ಸೆಕೆಯಾಗುವುದಿಲ್ಲವೇ ಎಂದು ಕೇಳಿದವರಿಗೆ, ಊರಿನ ಕಸ ಗುಡಿಸುವ ಕೆಲಸಕ್ಕೆ ಸಮವಸ್ತ್ರ ಬೇಡವೇ ಎನ್ನುತ್ತಿದ್ದಳು. ನ್ಯಾಯ ಕೇಳುತ್ತ ಕುಳಿತಲ್ಲೇ ತೂಕಡಿಸುವ ಅರಸನನ್ನು, ಅವನ ಆಕಳಿಕೆ ಅಂಟಿಕೊಂಡು ಕೈಯ ಛತ್ರಿ ವಾಲಿಸುವ ಸೇವಕನನ್ನು ಅವಳು ಹಾಡಿದಾಗ ಅರಸನೇ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಮಕ್ಕಳಿಗೆ ಸಮಯಪಾಲನೆಯ ಪಾಠ ಹೇಳುತ್ತ, ತಾನು ಮಾತ್ರ ಅಂಗಿಯ ತುದಿಯನ್ನು ಬೀದಿಯಲ್ಲೇ ಸಿಕ್ಕಿಸಿಕೊಂಡು ಓಡುವ ಮೇಷ್ಟ್ರ ಹಾಡೂ ಒಂದಿತ್ತು. ಆ ಮೇಷ್ಟ್ರು ನಾನೇ. ಅಂದಿನಿಂದ ಅಂಗಿಯನ್ನು ಮನೆಯಲ್ಲೇ ಸಿಕ್ಕಿಸಿಕೊಂಡು ಹೊರಡುತ್ತಿದ್ದೇನೆ.

ಹೀಗೆ ಊರನ್ನೆಲ್ಲ ತೊಳೆದವಳು ಒಬ್ಬನನ್ನು ಮಾತ್ರ ಮುಟ್ಟದೆ ಬಿಟ್ಟಿದ್ದಳು. ಅವನು ಅವಳ ಒಡಹುಟ್ಟಿದ ತಮ್ಮ ಕ್ವಾಕು ಟ್ವೆನೆ. ಟ್ಯಾಕ್ಸಿ ಓಡಿಸುತ್ತಿದ್ದ ಈ ಸೊಗಸುಗಾರ, ಚಪ್ಪಲಿಯ ಬಣ್ಣಕ್ಕೆ ಟೋಪಿ ಹೊಂದದಿದ್ದರೆ ಬಾವಿಕಟ್ಟೆಗೂ ಹೋಗುವವನಲ್ಲ. ತಾಯಿ ತೀರಿಕೊಂಡಾಗ ಅವನು ಕುಮಾಸಿ ಪಟ್ಟಣದಲ್ಲಿದ್ದ. ಸಾವಿಗೆ ಉಡುವ ಕೆಂಪು ಬಟ್ಟೆಯ ಅಂಚು ಸರಿಬರಲಿಲ್ಲವೆಂದು ದರ್ಜಿಯ ಬಳಿ ಅದನ್ನು ಬಿಚ್ಚಿಸಿ ಹೊಲಿಸಿಕೊಂಡು ಬರುವಷ್ಟರಲ್ಲಿ ಮಣ್ಣು ಮುಚ್ಚಿಯಾಗಿತ್ತು. ತಾಯಿಯ ಮುಖ ಅವನಿಗೆ ಸಿಗಲಿಲ್ಲ.

ಅದರ ಮುಂದಿನ ಆಪೊದಲ್ಲಿ ಹೆಂಗಸರ ತಂಡ ಟ್ವೆನೆಯ ಬಾಗಿಲಿಗೆ ಬಂತು. ಇಂದು ಅಕ್ಕ ಇವನ ಚರ್ಮ ಸುಲಿಯುತ್ತಾಳೆ ಎಂದು ಊರಿಗೆ ಊರೇ ನೆರೆದಿತ್ತು. ಅವನೂ ಅದಕ್ಕೆಂದೇ ಸಿದ್ಧನಾಗಿ ಹೊಸ್ತಿಲಲ್ಲಿ ನಿಂತಿದ್ದ. ಫೊರಿವಾ ಗಿಲಕಿಯನ್ನು ಮೆಲ್ಲಗೆ ಆಡಿಸಿ, ಮಗುವನ್ನು ಮಲಗಿಸುವ ದನಿಯಲ್ಲಿ ಹಾಡಿದಳು: "ನಮ್ಮ ಕ್ವಾಕು ಬಂಗಾರದಂಥವರು, ಅವರಲ್ಲಿ ಎತ್ತಿ ಆಡೋಕೆ ಒಂದೂ ತಪ್ಪಿಲ್ಲ."

ಡೋಲು ನಿಂತುಹೋಯಿತು. ಆಪೊದ ದಿನ ಹೊಗಳುವುದೆಂದರೆ, ನಿನ್ನ ಮೇಲಿನ ಸಿಟ್ಟನ್ನು ನಾನು ಬಿಡುವುದಿಲ್ಲ, ಮನೆಗೆ ಕೊಂಡೊಯ್ಯುತ್ತೇನೆ ಎಂದಂತೆ. ಅದರ ಮೇಲೆ, ಎತ್ತಿ ಆಡಿಸಿದ ತಮ್ಮನಿಗೆ ಆ ಬಹುವಚನ ಬೇರೆ.

ಆಮೇಲಿನ ವರ್ಷವೆಲ್ಲ ಟ್ವೆನೆ ಒಂದು ಬೈಗುಳಕ್ಕಾಗಿ ಪಟ್ಟ ಪಾಡನ್ನು ನೆನೆದರೆ ಈಗಲೂ ನಗು ಬರುತ್ತದೆ. ಟ್ಯಾಕ್ಸಿಯನ್ನು ಅಕ್ಕನ ಗೆಣಸಿನ ರಾಶಿಗೆ ಅಡ್ಡವಾಗಿ ನಿಲ್ಲಿಸಿದ. ಅವಳ ಫುಫು ಮುದ್ದೆಯಲ್ಲಿ ಗಂಟುಗಳು ಸಿಗುತ್ತವೆಂದು ಸಂತೆಯಲ್ಲೆಲ್ಲ ಸಾರಿದ. ಬೇಕೆಂದೇ ಒಂದು ಹಳದಿ, ಒಂದು ಹಸಿರು ಚಪ್ಪಲಿ ಮೆಟ್ಟಿಕೊಂಡು ಅವಳ ಮುಂದೆ ಅಡ್ಡಾಡಿದ. ಅಂಥವನಿಗೆ ಅದೆಷ್ಟು ಸಂಕಟವಾಗಿರಬೇಕು. ಅವಳು 'ಚ್' ಎಂದು ಕೂಡ ಅನ್ನಲಿಲ್ಲ. ಹೌದು, ನೀವು ಮಾಡಿದ್ದೇ ಸರಿ, ಎಂದು ತಲೆಯಾಡಿಸಿದಳು. ಒಂದು ಸಂಜೆ ನನ್ನ ಜಗಲಿಯಲ್ಲಿ ಕುಳಿತು ಅವನು ಹೇಳಿದ: "ಮೇಷ್ಟ್ರೇ, ಈ ಊರಲ್ಲಿ ಕತ್ತೆಗೂ ಒಂದು ಹಾಡಿದೆ. ನಾನೊಬ್ಬ ಬೈಸ್ಕೊಳ್ಳೋಕೂ ಲಾಯಕ್ಕಿಲ್ದೋನು ಆಗ್ಬಿಟ್ನಲ್ಲ."

ನನಗೆ ಥಟ್ಟನೆ ಹೊಳೆದದ್ದನ್ನು ಹೇಳಿದೆ. ಊರೆಲ್ಲ ಅವಳಿಂದ ಬೈಸಿಕೊಂಡಿದೆ. ಅವಳನ್ನು ಬೈದವರು ಯಾರಾದರೂ ಇದ್ದಾರೆಯೇ? ಅವಳ ನಾಲಿಗೆಗೆ ಹೆದರಿ ಯಾರೂ ಆ ಗೋಜಿಗೆ ಹೋಗಿರಲಿಲ್ಲ. ಟ್ವೆನೆ ಟೋಪಿ ಎತ್ತಿಕೊಂಡು ಎದ್ದುಹೋದ.

ಮುಂದಿನ ಆಪೊದಲ್ಲಿ ಅವನು ಬಾಗಿಲಲ್ಲಿ ಕಾಯಲಿಲ್ಲ. ಬರಿತಲೆಯಲ್ಲಿ ಬೀದಿಯ ನಡುವೆ ಬಂದು, ತಂಡಕ್ಕೆ ಅಡ್ಡನಿಂತು ಬಾಯಿ ತೆರೆದ. ಶ್ರುತಿಯೆಂಬುದು ಆ ಕಂಠದ ಹತ್ತಿರವೂ ಸುಳಿದಿರಲಿಲ್ಲ. ಹೆಂಗಸರು ಮೊದಲು ನಕ್ಕರು, ಆಮೇಲೆ ನಗಲಿಲ್ಲ.

"ಫೊರಿವಾ, ನಿನ್ನ ಗೆಣಸು ಮಾರೋಕೆ ಹೊತ್ತು ಮುಳುಗೋ ತನಕ ಕಾಯ್ತೀಯ. ಓಡಿ ಬರ್ತಿದ್ದ ತಮ್ಮನಿಗೆ ಒಂದು ಗಳಿಗೆ ಕಾಯ್ಲಿಲ್ಲ. ಮಣ್ಣು ಮುಚ್ಚಿಸ್ಬಿಟ್ಟೆ. ಅವಳು ನಂಗೂ ಅಮ್ಮ ಕಣೇ, ಫೊರಿವಾ."

ಅವನ ಎದೆಯಲ್ಲೂ ಒಂದು ಮುಳ್ಳಿದೆಯೆಂದು ನಮ್ಮಲ್ಲಿ ಯಾರೂ ಎಣಿಸಿರಲಿಲ್ಲ. ಅವಳಂತೂ ಕನಸಿನಲ್ಲೂ ಎಣಿಸಿರಲಿಲ್ಲ. ಮುಖ ಗಂಟಿಕ್ಕುವಂತಿಲ್ಲ, ಕುರಿಯ ದಂಡ. ಅವಳು ಕೋಟಿನ ಮೇಲಿನ ಗುಂಡಿ ಬಿಚ್ಚಿದಳು, ಅದರ ಕೆಳಗಿನದನ್ನೂ ಬಿಚ್ಚಿದಳು. ತೋಳಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಗಿಲಕಿ ಎತ್ತಿದಳು.

"ಲೋ ಹುಂಜ, ಗೂಡಿಗೆ ಬೆಂಕಿ ಬಿದ್ರೂ ಜುಟ್ಟು ತಿದ್ಕೊಳ್ಳೋನೇ. ನೆರಳು ಕಾಲಡಿಗೆ ಬರೋ ತನಕ ಕಾದೆ ಕಣೋ ನಿಂಗೆ. ಗುದ್ದಲಿ ಊರ್ಕೊಂಡು ನಿಂತೋರ ಕಾಲಿಗೆ ಬಿದ್ದು ಕಾಯಿಸ್ದೆ. ಅಮ್ಮ ಕೊನೇಲಿ ನಿನ್ನ ಹೆಸ್ರೇ ಕೇಳಿದ್ಳು, ಹಾಳಾದೋನೇ, ನನ್ನದಲ್ಲ."

ಟ್ವೆನೆ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಅತ್ತ, ಅಳುತ್ತಲೇ ಕುಣಿಯತೊಡಗಿದ. ಡೋಲಿನವನು ಯಾರ ಹುಬ್ಬನ್ನೂ ನೋಡದೆ ಬಾರಿಸಿದ. ಅಕ್ಕ ಅವನಿಗಿನ್ನೂ ಬಾಕಿಯಿದ್ದ ಎರಡು ವರ್ಷದ ಬೈಗುಳವನ್ನು, ಬಣ್ಣಬಣ್ಣದ ಚಪ್ಪಲಿಗಳನ್ನೂ ಬಿಡದೆ, ಬಿಸಿಲು ಇಳಿಯುವವರೆಗೆ ಹಾಡಿದಳು. ಮರುದಿನ ಇಬ್ಬರೂ ಬಿಳಿಯುಟ್ಟು ಹೊಳೆಯಿಂದ ಬಂದು ಅವನ ಮನೆಯಲ್ಲಿ ತಾಳೆಯೆಣ್ಣೆ ಹಾಕಿ ಮಸೆದ ಗೆಣಸನ್ನು ಒಂದೇ ಬಟ್ಟಲಿನಲ್ಲಿ ತಿಂದರು. ಉಪ್ಪು ಕಡಿಮೆಯೆಂದು ಅವಳು ಗೊಣಗಿದಳಂತೆ.

ಎದುರಿಗೇ ಬೈಯುವವರನ್ನು ಕಂಡರೆ ಲೋಕ ಅಂಜುತ್ತದೆ. ಅವರ ಪಾಲಿನ ಬೈಗುಳವನ್ನು ಅವರಿಗೆ ತಲುಪಿಸುವ ಧೈರ್ಯ ಯಾರಿಗೂ ಬರುವುದಿಲ್ಲ. ಹಾಗಾಗಿ ಊರಿನ ಎದೆಗಳನ್ನೆಲ್ಲ ತೊಳೆಯುವ ಈ ಜನ ತಮ್ಮ ಎದೆಯ ಬೇಗೆಯನ್ನು ತಾವೇ ಹೊತ್ತು ತಿರುಗುತ್ತಾರೆ. ಅವರನ್ನು ಪ್ರೀತಿಸುವವರು ಯಾರಾದರೊಬ್ಬರು ದಾರಿಗೆ ಅಡ್ಡನಿಂತು, ಶ್ರುತಿ ತಪ್ಪಿದರೂ ಸರಿಯೇ, ಅವರನ್ನೂ ಒಮ್ಮೆ ಬೈದುಬಿಡಬೇಕು.